ಫೆಸ್ ಹಳೇ ಊರಿನ ರಿಯಾದ್‌ನಲ್ಲಿ ಉಳಿಯುವವರಿಗೆ

ಮೊರಾಕ್ಕೊಗೆ ಹೊರಟ ಗೆಳೆಯರು ಫೋನ್ ಮಾಡಿ "ಫೆಸ್‌ನಲ್ಲಿ ಯಾವ ಹೋಟೆಲ್ ಒಳ್ಳೇದು?" ಅಂತ ಕೇಳುತ್ತಾರೆ. ಹಳೇ ಊರಿನೊಳಗೆ ಒಂದು ರಿಯಾದ್, ಅಂದರೆ ಅತಿಥಿಗೃಹವಾದ ಹಳೇ ಅಂಗಳದ ಮನೆ, ನೋಡಿಕೊಳ್ಳಿ ಅನ್ನುತ್ತೇನೆ. ಜೊತೆಗೇ ಇನ್ನೊಂದು ಮಾತು ಸೇರಿಸುತ್ತೇನೆ: ನೆಂಟರ ಮನೆಗೆ ಹೋಗುವ ಹಾಗೆ ಹೋಗಿ. ಬರುವ ಹೊತ್ತು ತಿಳಿಸಿ, ಊಟಕ್ಕೆ ಇರ್ತೀರೋ ಇಲ್ವೋ ಬೆಳಿಗ್ಗೆಯೇ ಹೇಳಿ, ಏನು ತಿನ್ನಲ್ಲ ಅನ್ನೋದನ್ನ ಮೊದಲೇ ತಿಳಿಸಿ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಯಾರಿಗೂ ಏನೂ ತಿಳಿಸದೆ, ಹೋಟೆಲ್‌ಗೆ ಹೋಗುವ ಹಾಗೇ ಹೋದೆ. ಮೂರು ದಿನ ಪರದಾಡಿದೆ. ಎರಡನೇ ಸಲ ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಹೋದೆ. ಒಂದು ತಿಂಗಳು ಮುಂಚೆಯೇ ರಿಯಾದ್ ನಡೆಸುವ ಮನೆಯವರ ಜೊತೆ ಮಾತಾಡಿ ಎಲ್ಲ ಹೊಂದಿಸಿಕೊಂಡಿದ್ದೆ. ಆರು ದಿನ ಅಮ್ಮ ಆರಾಮಾಗಿದ್ದರು. ಈ ಬರಹದಲ್ಲಿ ಇರುವುದು ಆ ಎರಡು ಪ್ರಯಾಣಗಳ ನಡುವೆ ನಾನು ಕಲಿತದ್ದು.

ರಿಯಾದ್ ಅಂದರೆ ಎಂಥ ಮನೆ

ಅರಬ್ಬಿಯಲ್ಲಿ ರಿಯಾದ್ ಅಂದರೆ ತೋಟಗಳು. ನಡುವಿನ ಅಂಗಳದಲ್ಲಿ ಕಿತ್ತಳೆಯೋ ನಿಂಬೆಯೋ ಬೆಳೆದು, ಮಧ್ಯೆ ಕಾರಂಜಿ ಇದ್ದರೆ ಅದು ರಿಯಾದ್. ತೋಟವಿಲ್ಲದೆ ಬರೀ ಹೆಂಚುಬಿಲ್ಲೆ ಹಾಸಿದ ಅಂಗಳವಿದ್ದರೆ ಅದು ದಾರ್, ಅಂದರೆ ಮನೆ. ಬಾಡಿಗೆಗೆ ಕೊಡುವವರು ಈಗ ಎರಡನ್ನೂ ರಿಯಾದ್ ಅಂತಲೇ ಕರೆಯುತ್ತಾರೆ. ಫೆಸ್‌ನಲ್ಲಿ ಜಾಗ ಇಕ್ಕಟ್ಟು, ಹಾಗಾಗಿ ದಾರ್‌ಗಳೇ ಜಾಸ್ತಿ. ತೋಟವೇ ಬೇಕು ಅನ್ನುವವರು ಫೋಟೋ ಸರಿಯಾಗಿ ನೋಡಿ ಬುಕ್ ಮಾಡಿ.

ಅಂಗಳಕ್ಕೆ ಅಲ್ಲಿನವರು ವುಸ್ತ್ ಎದ್ದಾರ್ ಅನ್ನುತ್ತಾರೆ. ಪದಕ್ಕೆ ಪದ ಇಟ್ಟು ನೋಡಿದರೆ ನಮ್ಮ ನಡುಮನೆ! ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಒಳಗೆ ಕಾಲಿಟ್ಟ ಕೂಡಲೇ ಲೆಕ್ಕ ಗೊತ್ತಾಗುತ್ತದೆ. ಮೇಲೆ ಆಕಾಶ, ಸುತ್ತ ಕೋಣೆ, ಗಾಳಿ ಬೆಳಕು ಎಲ್ಲ ನಡುವಿನಿಂದಲೇ. ಆದರೆ ನಮ್ಮಲ್ಲಿ ಬೀದಿಗೆ ಜಗಲಿ ಇರುತ್ತದೆ, ಹೋಗುವವರು ಬರುವವರು ಕೂರುತ್ತಾರೆ. ಅಲ್ಲಿ ಬೀದಿಗೆ ಬೋಳು ಗೋಡೆ, ಒಂದು ಬಾಗಿಲು ಅಷ್ಟೇ. ಮನೆಯ ಸಿರಿತನವೆಲ್ಲ ಒಳಮುಖ. ಆದ್ದರಿಂದ ಗಲ್ಲಿಯಲ್ಲಿ ಸಿಮೆಂಟು ಉದುರಿದ ಗೋಡೆ ಕಂಡು ಗಾಬರಿಯಾಗಬೇಡಿ. ಅದರ ಹಿಂದೆ ಕೆತ್ತಿದ ದೇವದಾರು ಮರದ ಬಾಗಿಲು, ಜಿಪ್ಸಮ್ ಗಾರೆಯ ಹೂಬಳ್ಳಿ, ಕೈಯಲ್ಲೇ ಸುತ್ತಿಗೆಯಿಂದ ಕತ್ತರಿಸಿ ಜೋಡಿಸಿದ ಝೆಲ್ಲಿಜ್ ಬಿಲ್ಲೆಗಳು ಇರಬಹುದು.

ಇಷ್ಟು ಹಳೇ ಮನೆಗಳು ಅತಿಥಿಗಳಿಗೆ ಹೇಗೆ ಸಿಕ್ಕವು ಅನ್ನುವುದಕ್ಕೂ ಒಂದು ಕಥೆ ಇದೆ. 1912ರಲ್ಲಿ ಮೊರಾಕ್ಕೊ ಫ್ರಾನ್ಸಿನ ಕೈಗೆ ಹೋಯಿತು. ಫ್ರೆಂಚರು ಹಳೇ ಊರನ್ನು ಕೆಡವದೆ, ಪಕ್ಕದಲ್ಲಿ ಹೊಸ ಊರು ಕಟ್ಟಿದರು. ಅನುಕೂಲಸ್ಥ ಮನೆತನಗಳು ನಿಧಾನಕ್ಕೆ ಅಲ್ಲಿಗೆ, ಕಾಸಾಬ್ಲಾಂಕಾಗೆ ಹೊರಟುಹೋದವು. ಖಾಲಿಯಾದ ದೊಡ್ಡ ಮನೆಗಳಲ್ಲಿ ಹಳ್ಳಿಗಳಿಂದ ಬಂದ ಬಡ ಕುಟುಂಬಗಳು ಕೋಣೆಗೊಂದರಂತೆ ಬಾಡಿಗೆಗೆ ಸೇರಿದವು. 1981ರಲ್ಲಿ ಯುನೆಸ್ಕೊ ಫೆಸ್ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲಿನ ದಶಕಗಳಲ್ಲಿ ಮೊರಾಕ್ಕೊದವರು, ವಿದೇಶಿಯರು ಇಂಥ ಮನೆಗಳನ್ನು ಕೊಂಡು ರಿಪೇರಿ ಮಾಡಿ ಅತಿಥಿಗೃಹ ಮಾಡತೊಡಗಿದರು. ಒಳ್ಳೆಯ ಮನೆಯಲ್ಲಿ ಉಳಿದರೆ ನಿಮ್ಮ ದುಡ್ಡಿನ ಒಂದು ಪಾಲು ಆ ಗಾರೆ, ಆ ಮರ, ಅದನ್ನು ಮಾಡುವ ಕೈಗಳಿಗೆ ಹೋಗುತ್ತದೆ. ನನಗೆ ಇದು ದೊಡ್ಡ ವಿಷಯ.

ಕಾಲ, ವೀಸಾ, ದುಡ್ಡು

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಚಳಿಗಾಲದ ರಾತ್ರಿ 5 ಡಿಗ್ರಿಗೂ ಕೆಳಗೆ ಇಳಿಯುತ್ತದೆ, ಬಿಲ್ಲೆ ನೆಲ ಮಂಜಿನ ಹಾಗೆ ಕೊರೆಯುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಆನ್‌ಲೈನ್‌ನಲ್ಲಿ ಇ-ವೀಸಾ ವ್ಯವಸ್ಥೆ ಇದೆ. ಅರ್ಜಿ ಹಾಕುವ ಮುಂಚೆ ಸರ್ಕಾರಿ ಪೋರ್ಟಲ್‌ನಲ್ಲಿ ಇವತ್ತಿನ ನಿಯಮ ನೋಡಿಕೊಳ್ಳಿ, ವೀಸಾ ಬಂದ ಮೇಲೆ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ದಿರ್ಹಮ್ ಮೊರಾಕ್ಕೊದ ಒಳಗೆ ಮಾತ್ರ ಓಡಾಡುವ ದುಡ್ಡು. ಬೆಂಗಳೂರಿನಲ್ಲಿ ಹುಡುಕುತ್ತಾ ಕೂರಬೇಡಿ. ಯೂರೋ ಇಲ್ಲವೇ ಡಾಲರ್ ಒಯ್ದು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಬದಲಾಯಿಸಿ, ಅಥವಾ ಎಟಿಎಂನಲ್ಲಿ ತೆಗೆಯಿರಿ. ಬದಲಾಯಿಸಿದ ರಸೀದಿ ಜೋಪಾನ, ಕೊನೆಯ ದಿನ ಬೇಕಾಗುತ್ತದೆ. ಹಳೇ ಊರಿನೊಳಗೆ ನಗದೇ ನಡೆಯುವುದು. ಚಿಲ್ಲರೆ ಸದಾ ಜೇಬಿನಲ್ಲಿರಲಿ.

ಮನೆ ಆರಿಸುವಾಗ ಕೇಳಬೇಕಾದ್ದು

ಇಡೀ ಪ್ರಯಾಣದ ಸುಖ ಇಲ್ಲೇ ನಿರ್ಧಾರವಾಗುತ್ತದೆ. ಬುಕಿಂಗ್ ಸೈಟಿನಲ್ಲಿ ಫೋಟೋ ನೋಡಿ ಸುಮ್ನೆ ಬಟನ್ ಒತ್ತಬೇಡಿ. ಮನೆಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕಿ. ಅಲ್ಲಿ ಎಲ್ಲರೂ ವಾಟ್ಸ್ಆ್ಯಪ್ ಬಳಸುತ್ತಾರೆ. ಬರುವ ಉತ್ತರ ಹೇಗಿದೆ ಅನ್ನುವುದರಿಂದಲೇ ಮನೆ ಎಂಥದ್ದು ಅಂತ ಅರ್ಧ ಗೊತ್ತಾಗುತ್ತದೆ.

ಮೊದಲು ಕೇಳಬೇಕಾದ್ದು, ಕಾರು ನಿಲ್ಲುವ ಜಾಗದಿಂದ ನಿಮ್ಮ ಬಾಗಿಲಿಗೆ ಎಷ್ಟು ನಿಮಿಷ ನಡಿಗೆ? ಫೆಸ್ ಹಳೇ ಊರಿನೊಳಗೆ ಕಾರು ಹೋಗುವುದಿಲ್ಲ. ಸಾವಿರಾರು ಗಲ್ಲಿಗಳು, ಎಷ್ಟೋ ಕಡೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಬಟ್ಹಾ ಚೌಕ, ಐನ್ ಅಝ್ಲಿತೆನ್, ರ್‌ಸಿಫ್ ಚೌಕ ಇವು ಟ್ಯಾಕ್ಸಿ ಬರುವ ಅಂಚುಗಳು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಇವುಗಳಿಂದ 5 ನಿಮಿಷದೊಳಗಿನ ಮನೆ ಹಿಡಿಯಿರಿ. ಅತ್ತಾರೀನ್ ಸುತ್ತಮುತ್ತ, ಅಂದರೆ ಊರಿನ ಹೊಟ್ಟೆಯೊಳಗೆ ಇರುವ ಮನೆಗಳು ಬಹಳ ಸೊಗಸು, ಆದರೆ ಸೂಟ್‌ಕೇಸ್ ಜೊತೆ ಕಾಲು ಗಂಟೆ ನಡೆಯಲು ತಯಾರಿರಬೇಕು.

ಎರಡನೆಯದು, ಕೋಣೆ ಯಾವ ಅಂತಸ್ತಿನಲ್ಲಿ? ಈ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಮೆಟ್ಟಿಲುಗಳು ಕಡಿದು, ಒಂದೊಂದು ಒಂದೊಂದು ಎತ್ತರ. ಮೊದಲ ಸಲ ನನಗೆ ಸಿಕ್ಕಿದ್ದು ಮೂರನೇ ಅಂತಸ್ತು. ಕತ್ತಲಲ್ಲಿ ಇಳಿಯುವಾಗ ಒಂದು ಮೆಟ್ಟಿಲು ಮಾತ್ರ ಒಂದು ಗೇಣು ಹೆಚ್ಚು ಎತ್ತರ ಇದ್ದದ್ದು ಗೊತ್ತಾಗದೆ ಕಾಲು ಉಳುಕಿತು. ಅಮ್ಮನಿಗೆ ಬುಕ್ ಮಾಡುವಾಗ ಮೆಟ್ಟಿಲಿನ ಫೋಟೋ ಕಳಿಸಿ ಅಂತ ಕೇಳಿದೆ. ಬೇಜಾರಿಲ್ಲದೆ ಕಳಿಸಿದರು, ನೆಲ ಅಂತಸ್ತಿನ ಕೋಣೆಯನ್ನೇ ಕೊಟ್ಟರು. ನೆಲ ಅಂತಸ್ತಿಗೂ ಒಂದು ಕೊರತೆ ಇದೆ. ಕಿಟಕಿ ಅಂಗಳಕ್ಕೇ ತೆರೆಯುವುದರಿಂದ ಪರದೆ ಎಳೆದೇ ಇರಬೇಕು, ಒಳಗೆ ಸ್ವಲ್ಪ ಮಬ್ಬು. ಬೇಸಿಗೆಯಲ್ಲಿ ಮಾತ್ರ ಅದೇ ಮನೆಯ ಅತಿ ತಂಪಾದ ಜಾಗ. ಮಕ್ಕಳಿದ್ದರೆ ಮೇಲಿನ ಪಡಸಾಲೆಯ ಕಟಕಟೆ ಎಷ್ಟು ಎತ್ತರ ಅಂತಲೂ ಕೇಳಿ. ಕೆಲವು ಮನೆಗಳಲ್ಲಿ ಅದು ದೊಡ್ಡವರ ಸೊಂಟಕ್ಕೂ ಬರುವುದಿಲ್ಲ.

ಹೀಟರ್, ಎಸಿ ಕೋಣೆಯೊಳಗೇ ಇದೆಯಾ? ಬಿಸಿನೀರು ಎಲ್ಲರಿಗೂ ಸಾಕಾಗುತ್ತಾ? ಇವನ್ನೂ ಕೇಳಿಬಿಡಿ. ಕೊನೆಗೆ ಊಟ. ಅದಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ಹೇಳಬೇಕಾದ್ದು ತುಂಬಾ ಇದೆ.

ಬಾಗಿಲು ಮುಟ್ಟುವವರೆಗೆ

ಫೆಸ್‌ನ ಸಾಯಿಸ್ ವಿಮಾನ ನಿಲ್ದಾಣ ಊರಿನಿಂದ ಸುಮಾರು 15 ಕಿಲೋಮೀಟರ್. ಭಾರತದಿಂದ ಹೋಗುವವರು ಸಾಮಾನ್ಯವಾಗಿ ಕಾಸಾಬ್ಲಾಂಕಾದಲ್ಲಿ ಇಳಿಯುತ್ತಾರೆ. ಅಲ್ಲಿನ ಕಾಸಾ ವೊಯಾಜರ್ ಸ್ಟೇಷನ್ನಿನಿಂದ ಫೆಸ್‌ಗೆ ರೈಲಿನಲ್ಲಿ ಸುಮಾರು 4 ಗಂಟೆ. ರೈಲು ಚೆನ್ನಾಗಿದೆ, ದಾರಿಯೂ ಚೆನ್ನಾಗಿದೆ. ಸ್ಟೇಷನ್ನಿನಿಂದ ಹಳೇ ಊರಿಗೆ ಕೆಂಪು ಬಣ್ಣದ ಪುಟ್ಟ ಟ್ಯಾಕ್ಸಿ ಹಿಡಿಯಿರಿ. ಒಂದಕ್ಕೆ 3 ಜನ ಮಾತ್ರ. ಮೀಟರ್ ಹಾಕಿಸಿ, ರಾತ್ರಿ ದರ ಒಂದೂವರೆ ಪಟ್ಟು ಅನ್ನುವುದು ನೆನಪಿರಲಿ.

ಟ್ಯಾಕ್ಸಿಯವರಿಗೆ ರಿಯಾದ್ ಹೆಸರು ಹೇಳಿ ಉಪಯೋಗವಿಲ್ಲ. ಇಳಿಯುವ ಚೌಕದ ಹೆಸರು ಹೇಳಬೇಕು. ಮನೆಯವರು ಹೇಳಿದ ಚೌಕಕ್ಕೆ ಹೋಗಿ, ಅಲ್ಲಿಂದ ಫೋನ್ ಮಾಡಿ. ಅವರ ಕಡೆಯ ಒಬ್ಬರು ಬಂದು ಕರೆದುಕೊಂಡು ಹೋಗುತ್ತಾರೆ. ಇದಕ್ಕೆ ಖಂಡಿತ ಒಪ್ಪಿಕೊಳ್ಳಿ. ದುಡ್ಡು ಉಳಿಸಲು ಹೋಗಿ ಮೊದಲ ಸಲ ನಾನೊಬ್ಬನೇ ಮ್ಯಾಪ್ ನೋಡಿಕೊಂಡು ಹೊರಟಿದ್ದೆ. ಎತ್ತರದ ಗೋಡೆಗಳ ನಡುವೆ ನೀಲಿ ಚುಕ್ಕಿ ಒಮ್ಮೆ ಈ ಗಲ್ಲಿ, ಒಮ್ಮೆ ಆ ಗಲ್ಲಿ ಅಂತ ಹಾರುತ್ತಿತ್ತು. ದೆರ್ಬ್ ಅಂತ ಬರೆದ ಗಲ್ಲಿಗಳು ಬಹಳಷ್ಟು ಮುಂದೆ ಹೋಗಿ ಮುಚ್ಚಿಕೊಳ್ಳುತ್ತವೆ ಅನ್ನುವುದೂ ಆಗ ಗೊತ್ತಿರಲಿಲ್ಲ. 10 ನಿಮಿಷದ ದಾರಿಗೆ ಒಂದು ಗಂಟೆ ಆಯಿತು.

ಸಾಮಾನು ಹೊರಲು ಚೌಕದಲ್ಲಿ ತಳ್ಳುಗಾಡಿಯವರು ಇರುತ್ತಾರೆ. ಗಾಡಿಗೆ ಕರೋಸಾ ಅನ್ನುತ್ತಾರೆ. ದರವನ್ನು ಮನೆಯವರಿಂದಲೇ ಮಾತಾಡಿಸಿ. ಚಕ್ರದ ಸೂಟ್‌ಕೇಸ್ ಕಲ್ಲುಹಾಸಿನ ಇಳಿಜಾರಿನಲ್ಲಿ ಕೆಲಸಕ್ಕೆ ಬರುವುದಿಲ್ಲ, ಬೆನ್ನಿಗೆ ಹಾಕುವ ಚೀಲವೇ ಲೇಸು. ಹಿಂದಿನಿಂದ "ಬಾಲಕ್! ಬಾಲಕ್!" ಅಂತ ಕೂಗು ಕೇಳಿದರೆ ತಕ್ಷಣ ಗೋಡೆಗೆ ಸರಿದು ನಿಲ್ಲಿ. ಹುಷಾರು, ದಾರಿ ಬಿಡಿ ಅಂತ ಅದರ ಅರ್ಥ. ಚರ್ಮದ ಕಟ್ಟೋ ಗ್ಯಾಸ್ ಸಿಲಿಂಡರೋ ಹೊತ್ತ ಹೇಸರಗತ್ತೆ ಬರುತ್ತಿರುತ್ತದೆ. ಅದು ನಿಲ್ಲುವುದಿಲ್ಲ.

ಮೊದಲ ಗಂಟೆ

ಬಾಗಿಲು ತಗ್ಗು, ತಲೆ ಬಗ್ಗಿಸಿ. ಒಳಗೆ ಒಂದು ತಿರುವಿನ ಓಣಿ ಇರುತ್ತದೆ. ಬೀದಿಯಲ್ಲಿ ನಿಂತವರಿಗೆ ಒಳಗಿನವರು ಕಾಣಬಾರದು ಅಂತ ಹಾಗೆ ಕಟ್ಟಿದ್ದಾರೆ. ಆ ತಿರುವು ದಾಟಿದ ಕೂಡಲೇ ಬೀದಿಯ ಸದ್ದು ಪೂರ್ತಿ ನಿಂತುಹೋಗುತ್ತದೆ. ಕಾರಂಜಿ ತೊಟ್ಟಿಕ್ಕುವುದು, ಮೇಲಿನಿಂದ ಗುಬ್ಬಿಗಳ ಚಿಲಿಪಿಲಿ, ಇಷ್ಟೇ.

ಕೂರಿಸಿ ಪುದೀನ ಚಹಾ ಕೊಡುತ್ತಾರೆ. ಬೇಡ ಅನ್ನಬೇಡಿ, ಅದು ಮನೆಗೆ ಬಂದವರಿಗೆ ಕೊಡುವ ಮರ್ಯಾದೆ. ಸಕ್ಕರೆ ಸಿಕ್ಕಾಪಟ್ಟೆ ಇರುತ್ತದೆ. ಕಡಿಮೆ ಬೇಕಾದರೆ "ಶ್ವಿಯಾ ಸುಕ್ಕರ್" ಅನ್ನಿ, ಬೇಡವೇ ಬೇಡ ಅಂದರೆ "ಬ್ಲಾ ಸುಕ್ಕರ್". ಆಮೇಲೆ ಪಾಸ್‌ಪೋರ್ಟ್ ಕೇಳುತ್ತಾರೆ, ಪೊಲೀಸರಿಗೆ ಕೊಡುವ ಒಂದು ಫಾರ್ಮ್ ತುಂಬಿಸುತ್ತಾರೆ. ಇದು ಎಲ್ಲ ಕಡೆಯೂ ಇರುವ ನಿಯಮ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆಯೂ ಇದೆ. ಆನ್‌ಲೈನ್‌ನಲ್ಲಿ ಪೂರ್ತಿ ದುಡ್ಡು ಕಟ್ಟಿದ್ದರೂ ಈ ತೆರಿಗೆಯನ್ನು ನಗದಾಗಿ ಕೇಳಬಹುದು, ಮೋಸ ಅಂದುಕೊಳ್ಳಬೇಡಿ.

ಈ ಒಂದು ಗಂಟೆಯಲ್ಲೇ ಮೂರು ಕೆಲಸ ಮುಗಿಸಿಕೊಳ್ಳಿ. ಬಾಗಿಲಿನ ಫೋಟೋ, ಗಲ್ಲಿಯ ಬಾಯಿಯ ಫೋಟೋ ತೆಗೆದುಕೊಳ್ಳಿ. ಮನೆಯ ಕಾರ್ಡಿನಲ್ಲಿ ಅರಬ್ಬಿ ವಿಳಾಸ ಬರೆಸಿಕೊಳ್ಳಿ. ರಾತ್ರಿ ಎಷ್ಟು ಹೊತ್ತಿನವರೆಗೆ ಬಾಗಿಲು ತೆಗೆಯುತ್ತಾರೆ, ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿಕೊಳ್ಳಿ.

ಮನೆಯೊಳಗಿನ ರೀತಿ

ಕರೆಯುವುದನ್ನು ಮೊದಲು ಕಲಿಯಿರಿ. ಹಿರಿಯ ಹೆಂಗಸರನ್ನು ಲಲ್ಲಾ ಅಂತ, ಗಂಡಸರನ್ನು ಸೀದಿ ಅಂತ ಕರೆದರೆ ಗೌರವ. ನಿಮ್ಮ ವಾರಿಗೆಯ ಗಂಡಸರಿಗೆ ಖೋಯಾ, ಅಂದರೆ ಅಣ್ಣ ತಮ್ಮ ಅನ್ನುವ ಹಾಗೆ. ಹೆಂಗಸರಿಗೆ ಖ್ತಿ, ಅಕ್ಕ ತಂಗಿ. ನಾವು ಆಟೋದವರನ್ನು ಅಣ್ಣ ಅನ್ನಲ್ವಾ, ಹಾಗೇ. ಶುಕ್ರನ್ ಅಂದರೆ ಥ್ಯಾಂಕ್ಸ್. ಒಂದು "ಶುಕ್ರನ್, ಲಲ್ಲಾ" ಅಂದು ನೋಡಿ, ಮುಖ ಅರಳುತ್ತದೆ.

ಅಂಗಳದಲ್ಲಿ ಪಿಸುಗುಟ್ಟಿದರೂ ಮೇಲಿನ ಅಂತಸ್ತಿಗೆ ಕೇಳುತ್ತದೆ. ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡುವವರು ತಾರಸಿಗೆ ಹೋಗಿ. ಮೊರಾಕ್ಕೊಗಿಂತ ನಮ್ಮ ಗಡಿಯಾರ ನಾಲ್ಕೂವರೆ ಗಂಟೆ ಮುಂದಿದೆ, ರಂಜಾನ್ ತಿಂಗಳಲ್ಲಿ ಅವರು ಗಡಿಯಾರ ಹಿಂದಿಡುವುದರಿಂದ ಐದೂವರೆ ಗಂಟೆ. ನಸುಕಿನಲ್ಲಿ ಅಜಾನ್ ಒಂದು ಮಸೀದಿಯಿಂದ ಶುರುವಾಗಿ ಊರಿಡೀ ಹರಡುತ್ತದೆ. ನಿದ್ದೆ ತೆಳು ಇರುವವರು ಕಿವಿಗೆ ಹತ್ತಿ ಒಯ್ಯಿರಿ. ನನಗಂತೂ ಅದನ್ನು ಕೇಳುತ್ತಾ ಮಲಗಿರುವುದು ಇಷ್ಟವಾಯಿತು.

ತಾರಸಿಯಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿ, ಆದರೆ ಪಕ್ಕದ ತಾರಸಿಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಹಳೇ ಊರಿನಲ್ಲಿ ತಾರಸಿ ಹೆಂಗಸರ ಜಾಗ. ಬಟ್ಟೆ ಒಣಹಾಕುವುದು, ಕಾಳು ಆರಿಸುವುದು, ಅಕ್ಕಪಕ್ಕದವರ ಜೊತೆ ಮಾತು, ಎಲ್ಲ ಅಲ್ಲೇ.

ಬಚ್ಚಲ ಗೋಡೆಗಳು ಕೆಲವು ಮನೆಗಳಲ್ಲಿ ತದೆಲಾಕ್ತ್ ಅನ್ನುವ ಸುಣ್ಣದ ಗಾರೆಯವು. ನುಣ್ಣನೆಯ ಕಲ್ಲಿನಿಂದ ಉಜ್ಜಿ, ಸೋಪು ಹಚ್ಚಿ ನೀರು ಹಿಡಿಯದಂತೆ ಮಾಡಿರುತ್ತಾರೆ. ಮುಟ್ಟಿದರೆ ರೇಷ್ಮೆ. ಮೊನಚಾದ್ದು ತಾಗಿಸಬೇಡಿ. ಕೈಗೆ ಮೆಹಂದಿ ಹಾಕಿಸಿಕೊಂಡ ದಿನ ಗೋಡೆ, ಬಿಳಿ ಹಾಸಿಗೆ ಎರಡರಿಂದಲೂ ದೂರ ಇರಿ. ಬಕೆಟ್, ಚೊಂಬು ಬೇಕಾದರೆ ನಾಚಿಕೆಯಿಲ್ಲದೆ ಕೇಳಿ, ಅವರಿಗೆ ಅದು ಹೊಸದಲ್ಲ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಹೊಂದುವುದಿಲ್ಲ, ಯುರೋಪಿನ ಎರಡು ಕಡ್ಡಿಯ ಅಡಾಪ್ಟರ್ ಬೇಕು.

ಸಸ್ಯಾಹಾರಿಗಳ ಊಟ

ಫೆಸ್‌ನಲ್ಲಿ ಸಸ್ಯಾಹಾರಿ ಹಸಿದಿರಬೇಕಾಗಿಲ್ಲ. ಆದರೆ ಸರಿಯಾಗಿ ಹೇಳಬೇಕು, ಮೊದಲೇ ಹೇಳಬೇಕು. "ವೆಜಿಟೇರಿಯನ್" ಅಂದರೆ ತುಂಬಾ ಕಡೆ ತಟ್ಟೆಯಲ್ಲಿ ಮಾಂಸದ ತುಂಡು ಇರುವುದಿಲ್ಲ ಅಷ್ಟೇ. ತರಕಾರಿ ಬೆಂದಿರುವುದು ಕೋಳಿಯ ಇಲ್ಲವೇ ಕುರಿಯ ಸಾರಿನಲ್ಲೇ ಇರಬಹುದು. ಶುಕ್ರವಾರದ ಏಳು ತರಕಾರಿಯ ಕುಸ್‌ಕುಸ್, ಅಂದರೆ ಹಬೆಯಲ್ಲಿ ಬೇಯಿಸಿದ ರವೆ ಕಾಳಿನ ಊಟ, ಇದಕ್ಕೆ ಒಳ್ಳೆಯ ಉದಾಹರಣೆ. ಹರೀರಾ ಅನ್ನುವ ಟೊಮೆಟೊ, ಕಡಲೆಯ ಸೂಪಿನಲ್ಲೂ ಸಾಮಾನ್ಯವಾಗಿ ಮಾಂಸದ ಚೂರು ಬೀಳುತ್ತದೆ. ಆದ್ದರಿಂದ ಬುಕ್ ಮಾಡುವಾಗಲೇ ಹೀಗೆ ಬರೆಯಿರಿ: ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ, ಮಾಂಸದ ಸಾರು ಇಲ್ಲ, ಸೂಪಿನ ಕ್ಯೂಬ್ ಕೂಡ ಇಲ್ಲ. ಬಾಯಲ್ಲಿ ಹೇಳಬೇಕಾದರೆ "ಬ್ಲಾ ಲ್‌ಹಮ್, ಬ್ಲಾ ದ್ಜಾಜ್, ಬ್ಲಾ ಹೂತ್". ಬ್ಲಾ ಅಂದರೆ ಇಲ್ಲದೆ.

ರಾತ್ರಿ ಊಟ ಮನೆಯಲ್ಲೇ ಬೇಕಾದರೆ ಬೆಳಿಗ್ಗೆ ತಿಂಡಿ ಹೊತ್ತಿಗೇ ಹೇಳಿ, ದರವನ್ನೂ ಆಗಲೇ ಕೇಳಿ. ಅವರು ಸಂತೆಗೆ ಹೋಗಿ ತರಕಾರಿ ತಂದು, ಮಣ್ಣಿನ ತಾಜೀನ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಆಲೂಗಡ್ಡೆ, ಗಜ್ಜರಿ, ಬಟಾಣಿ, ಆಲಿವ್, ಜೊತೆಗೆ ಉಪ್ಪಿನಲ್ಲಿ ಹಾಕಿಟ್ಟ ನಿಂಬೆ. ಆ ನಿಂಬೆ ನಮ್ಮ ಉಪ್ಪು ನಿಂಬೆಕಾಯಿಯ ಖಾರವಿಲ್ಲದ ನೆಂಟ. ಪಕ್ಕಕ್ಕೆ ಝಾಲೂಕ್ ಬಂದರೆ ಬಿಡಬೇಡಿ, ಬದನೆಕಾಯಿ ಟೊಮೆಟೊ ಕಿವುಚಿ ಮಾಡಿದ್ದು, ನಮ್ಮ ಸುಟ್ಟ ಬದನೆಕಾಯಿ ಗೊಜ್ಜನ್ನು ನೆನಪಿಸುತ್ತದೆ. ಹೊರಗಡೆ ತಿನ್ನುವವರು ಬಿಸ್ಸಾರಾ ಹುಡುಕಿ. ಒಣ ಬೇಳೆಯನ್ನು ಗಟ್ಟಿಯಾಗಿ ಕುದಿಸಿ, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ ಹಾಕಿದ್ದು. ಚಳಿಯ ಬೆಳಿಗ್ಗೆ ಪುಟ್ಟ ಅಂಗಡಿಗಳಲ್ಲಿ ಬಟ್ಟಲಿಗೆ ಕೆಲವೇ ದಿರ್ಹಮ್. ಉಪ್ಪು ಖಾರ ಸಪ್ಪೆ ಅನ್ನಿಸುವವರಿಗೆ ಒಂದು ಡಬ್ಬಿ ಚಟ್ನಿಪುಡಿ ಸಾಕು.

ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುವುದು ರೂಢಿ. ಬಘ್ರೀರ್ ಅನ್ನುವುದು ಮೈತುಂಬಾ ತೂತಿನ, ಒಂದೇ ಬದಿ ಬೇಯಿಸಿದ ರವೆ ದೋಸೆ. ತೂತುಗಳಲ್ಲಿ ಬೆಣ್ಣೆ, ಜೇನು ಇಳಿದಿರುತ್ತದೆ. ಹರ್ಶಾ ಅಂದರೆ ರವೆಯ ದಪ್ಪ ರೊಟ್ಟಿ. ಮ್ಸೆಮ್ಮೆನ್ ಅಂದರೆ ಮಡಚಿದ ಚೌಕಾಕಾರದ ಪದರ ರೊಟ್ಟಿ.

ಎರಡನೇ ದಿನ ಬೆಳಿಗ್ಗೆ ಅಮ್ಮ ಕಾಣಲಿಲ್ಲ. ಹುಡುಕಿದರೆ ಅಡುಗೆಮನೆಯಲ್ಲಿ ಒಂದು ಪುಟ್ಟ ಮಣೆಯ ಮೇಲೆ ಕೂತಿದ್ದಾರೆ. ಅಡುಗೆಯವರು ನಿಂಬೆ ಗಾತ್ರದ ಹಿಟ್ಟಿನುಂಡೆಯನ್ನು ಎಣ್ಣೆ ಸವರಿದ ಕಲ್ಲಿನ ಮೇಲಿಟ್ಟು, ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ತಟ್ಟುತ್ತಾ ಹೋದರು. ಹಿಟ್ಟು ಹರಡಿ ಹರಡಿ ಕೆಳಗಿನ ಕಲ್ಲು ಕಾಣುವಷ್ಟು ತೆಳ್ಳಗಾಯಿತು. ಮೇಲೆ ಒಂದು ಚಿಟಿಕೆ ರವೆ, ಒಂದು ಬೆರಳು ಬೆಣ್ಣೆ. ಎಡದಿಂದ ಮಡಚಿದರು, ಬಲದಿಂದ ಮಡಚಿದರು, ಮೇಲೆ ಕೆಳಗೆ ಮಡಚಿದರು, ಚೌಕವಾಯಿತು. ಅಮ್ಮ ಕೈ ಚಾಚಿದರು. ಅವರು ಒಂದು ಉಂಡೆ ಕೊಟ್ಟರು. ಹೋಳಿಗೆ ಕಣಕ ತಟ್ಟಿ ಪಳಗಿದ ಕೈ, ಹಿಟ್ಟು ಒಂದು ಕಡೆಯೂ ಹರಿಯಲಿಲ್ಲ. ಅಡುಗೆಯವರು "ಸಾಫಿ, ಹಾಜ್ಜಾ!" ಅಂತ ನಕ್ಕರು. ಸಾಫಿ ಅಂದರೆ ಆಯ್ತು, ಸಾಕು. ಹಾಜ್ಜಾ ಅನ್ನುವುದು ವಯಸ್ಸಾದ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಆ ದಿನದಿಂದ ಮನೆಯಲ್ಲಿ ಎಲ್ಲರಿಗೂ ಅಮ್ಮ ಹಾಜ್ಜಾ. ಇಬ್ಬರಿಗೂ ಒಂದೇ ಒಂದು ಪದ ಸಮಾನ ಇರಲಿಲ್ಲ, ಆದರೂ ದಿನಾ ಬೆಳಿಗ್ಗೆ ಒಂದು ಗಂಟೆ ಮಾತಾಡುತ್ತಿದ್ದರು.

ಅಡುಗೆಮನೆಗೆ ಹೋಗಬೇಕು ಅನ್ನಿಸಿದರೆ ಕೇಳಿಯೇ ಹೋಗಿ. ಬೇಡ ಅನ್ನುವವರು ಕಡಿಮೆ. ರೊಟ್ಟಿಯ ತುಂಡು ನೆಲಕ್ಕೆ ಬಿದ್ದರೆ ಎತ್ತಿಡಿ, ಅವರು ಅನ್ನವನ್ನು ನಾವು ನೋಡುವ ಹಾಗೆ ರೊಟ್ಟಿಯನ್ನು ನೋಡುತ್ತಾರೆ. ರಂಜಾನ್‌ನಲ್ಲಿ ಹೋದರೆ ನಿಮಗೆ ತಿಂಡಿ ಸಿಗುತ್ತದೆ, ಆದರೆ ಸೂರ್ಯ ಮುಳುಗುವ ಹೊತ್ತಿಗೆ ಯಾರನ್ನೂ ಏನೂ ಕೇಳಬೇಡಿ. ಇಡೀ ದಿನ ನೀರೂ ಕುಡಿಯದವರು ಊಟಕ್ಕೆ ಕೂರುವ ಹೊತ್ತು ಅದು.

ಹೊರಗೆ ಹೋಗಿ ಮನೆಗೆ ವಾಪಸ್

ಊರಿನ ಇಳಿಜಾರೇ ಇಲ್ಲಿ ದಿಕ್ಸೂಚಿ. ಬಾಬ್ ಬೂಜ್ಲೂದ್ ಅನ್ನುವ ನೀಲಿ ಹೆಬ್ಬಾಗಿಲು ಎತ್ತರದ ತುದಿಯಲ್ಲಿದೆ. 1913ರಲ್ಲಿ ಕಟ್ಟಿದ್ದು. ಹೊರಬದಿ ಫೆಸ್‌ನ ನೀಲಿ, ಊರಿನ ಕಡೆಯ ಬದಿ ಹಸಿರು. ಅದರಿಂದ ತಲಾ ಕಬೀರಾ, ತಲಾ ಸಗೀರಾ ಅನ್ನುವ ಎರಡು ಮುಖ್ಯ ದಾರಿಗಳು ಕೆಳಗಿಳಿಯುತ್ತವೆ. ತಳದಲ್ಲಿ ನದಿಯ ಹತ್ತಿರ ರ್‌ಸಿಫ್ ಚೌಕ. ದಾರಿ ತಪ್ಪಿದಾಗ ಏರುತ್ತಾ ಹೋದರೆ ಬೂಜ್ಲೂದ್ ಕಡೆ, ಇಳಿಯುತ್ತಾ ಹೋದರೆ ರ್‌ಸಿಫ್ ಕಡೆ. ಎರಡೂ ಕಡೆ ಟ್ಯಾಕ್ಸಿ ಸಿಗುತ್ತದೆ. ಇದೊಂದು ಗೊತ್ತಿದ್ದರೆ ಧೈರ್ಯವಾಗಿ ಕಳೆದುಹೋಗಬಹುದು.

"ಆ ಕಡೆ ದಾರಿ ಮುಚ್ಚಿದೆ, ಬನ್ನಿ ತೋರಿಸ್ತೀನಿ" ಅಂತ ಹುಡುಗರು ಬರುತ್ತಾರೆ. ದಾರಿ ಮುಚ್ಚಿರುವುದಿಲ್ಲ. ನಗುತ್ತಲೇ "ಲಾ, ಶುಕ್ರನ್" ಅಂದು ನಿಲ್ಲದೆ ನಡೆಯಿರಿ. ನಿಜವಾಗಿಯೂ ದಾರಿ ಬೇಕಾದಾಗ ಅಂಗಡಿಯೊಳಗೆ ಕೂತವರನ್ನು ಕೇಳಿ, ಅವರು ಅಂಗಡಿ ಬಿಟ್ಟು ಬರಲಾಗುವುದಿಲ್ಲ. ಗೈಡ್ ಬೇಕಾದರೆ ಲೈಸೆನ್ಸ್ ಇರುವವರನ್ನು ಮನೆಯವರ ಮೂಲಕವೇ ಗೊತ್ತುಮಾಡಿ, ಅರ್ಧ ದಿನ ಸಾಕು.

ಮಸೀದಿಗಳೊಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ. 859ರಲ್ಲಿ ಫಾತಿಮಾ ಅಲ್-ಫಿಹ್ರಿ ಅನ್ನುವ ಹೆಣ್ಣುಮಗಳು ಕಟ್ಟಿಸಿದರು ಅಂತ ನಂಬಿಕೆ ಇರುವ ಕರವಿಯ್ಯೀನ್ ಮಸೀದಿಯನ್ನು ಬಾಗಿಲಲ್ಲಿ ನಿಂತು ನೋಡಬೇಕು. ಹತ್ತಿರದ ಅತ್ತಾರೀನ್, ಮೇಲಿನ ಬೂ ಇನಾನಿಯಾ ಮದರಸಾಗಳೊಳಗೆ ಮಾತ್ರ ಎಲ್ಲರೂ ಹೋಗಬಹುದು. ಎರಡೂ 14ನೇ ಶತಮಾನದವು. ಅಲ್ಲಿನ ಗಾರೆ, ಮರ, ಬಿಲ್ಲೆ ನೋಡಿ ಬಂದ ಮೇಲೆ ನಿಮ್ಮ ರಿಯಾದ್‌ನ ಗೋಡೆ ಬೇರೆಯೇ ಆಗಿ ಕಾಣುತ್ತದೆ. ಮಾಂಸದ ಸಾಲಿನಲ್ಲಿ ಒಂಟೆಯ ತಲೆ ನೇತುಹಾಕಿರುತ್ತಾರೆ, ಸಹಿಸದವರು ಮನಸ್ಸು ಗಟ್ಟಿಮಾಡಿಕೊಂಡಿರಿ. ಶುಕ್ರವಾರ ಮಧ್ಯಾಹ್ನ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ.

ಕೇರಿಯ ಹಮ್ಮಾಮ್

ಹಳೇ ಊರಿನ ಪ್ರತಿ ಕೇರಿಗೂ ಮಸೀದಿ, ನೀರಿನ ಕಾರಂಜಿ, ರೊಟ್ಟಿ ಸುಡುವ ಒಲೆಮನೆ, ಮಕ್ಕಳ ಶಾಲೆ, ಹಮ್ಮಾಮ್ ಇರಬೇಕು ಅನ್ನುವುದು ಹಳೇ ರೂಢಿ. ಹಮ್ಮಾಮ್ ಅಂದರೆ ಬಿಸಿ ಹಬೆಯ ಸ್ನಾನದ ಮನೆ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಹೊತ್ತು. ಟವೆಲ್, ಕೆಸ್ಸಾ ಅನ್ನುವ ಮೈ ತಿಕ್ಕುವ ಒರಟು ಕೈಗವಸು, ಬೆಲ್ದಿ ಅನ್ನುವ ಆಲಿವ್ ಎಣ್ಣೆಯ ಕಪ್ಪು ಸೋಪು, ಬದಲಿ ಒಳಉಡುಪು ಒಯ್ಯಬೇಕು. ಕೆಳಗಿನ ಒಳಉಡುಪು ಮೈಮೇಲೇ ಇರಲಿ. ಮೈ ತಿಕ್ಕುವವರು ಇರುತ್ತಾರೆ, ಅವರಿಗೆ ಬೇರೆ ಕೊಡಬೇಕು. ಮೊದಲ ಸಲ ಮನೆಯ ಕೆಲಸದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀರಿನ ಬರದಿಂದಾಗಿ 2024ರಲ್ಲಿ ಎಷ್ಟೋ ಊರುಗಳ ಹಮ್ಮಾಮ್‌ಗಳನ್ನು ವಾರಕ್ಕೆ 3 ದಿನ ಮುಚ್ಚಿಸಿದ್ದರು. ಹಾಗಾಗಿ ಇವತ್ತು ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ.

ಹೊರಡುವ ದಿನ

ಹಿಂದಿನ ರಾತ್ರಿಯೇ ಲೆಕ್ಕ ಚುಕ್ತಾ ಮಾಡಿ. ಕಾರ್ಡ್ ಯಂತ್ರ ಕೈಕೊಡುವುದುಂಟು, ನಗದು ಇಟ್ಟುಕೊಂಡಿರಿ. ನಸುಕಿನ ವಿಮಾನ ಇದ್ದರೆ ತಳ್ಳುಗಾಡಿಯವರನ್ನೂ ಟ್ಯಾಕ್ಸಿಯನ್ನೂ ಮನೆಯವರಿಂದಲೇ ಹೇಳಿಸಿ. ತಿಂಡಿ ಕಟ್ಟಿಕೊಡಿ ಅಂದರೆ ಕಟ್ಟಿಕೊಡುತ್ತಾರೆ.

ಭಕ್ಷೀಸನ್ನು ಒಡೆಯರ ಕೈಗೆ ಕೊಡದೆ ಅಡುಗೆಯವರಿಗೆ, ಕೋಣೆ ಗುಡಿಸಿದವರಿಗೆ, ರಾತ್ರಿ ಬಾಗಿಲು ತೆಗೆದವರಿಗೆ ಬೇರೆ ಬೇರೆಯಾಗಿ ಕೊಡಿ. ಅತಿಥಿಯ ಕಣ್ಣಿಗೇ ಬೀಳದೆ ಕೆಲಸ ಮಾಡುವವರು ಇವರೇ. ಅಮ್ಮ ತಮ್ಮ ಟ್ರಂಕಿನಲ್ಲಿ ತಂದಿದ್ದ ಒಂದು ಇಳಕಲ್ ಸೀರೆಯನ್ನೇ ಅಡುಗೆಯವರಿಗೆ ಕೊಟ್ಟರು, ಉಡುವುದು ಹೇಗೆ ಅಂತ ಅಂಗಳದಲ್ಲೇ ನಿಂತು ತೋರಿಸಿಯೂ ಕೊಟ್ಟರು. ಅಷ್ಟರಲ್ಲಿ ಗಾಡಿಯವರು ಬಾಗಿಲು ಬಡಿದರು.

ಉಳಿದ ದಿರ್ಹಮ್ ಅನ್ನು ವಿಮಾನ ನಿಲ್ದಾಣದಲ್ಲಿ, ಒಳಗೆ ಭದ್ರತಾ ತಪಾಸಣೆಗೆ ಹೋಗುವ ಮುಂಚೆಯೇ ಬದಲಾಯಿಸಿಕೊಳ್ಳಿ. ಮೊದಲ ದಿನದ ರಸೀದಿ ಕೇಳುವುದು ಇಲ್ಲೇ.